ಕಂಬಳಿಯಲ್ಲಿ ಗಾಜು

"ಆಯಿ, ಅದನ್ನ ಝಾಡಿಸಬ್ಯಾಡ್ರಿ," ಎಂದು ಅಜಯ ಕಂಬಳಿಯ ಅಂಚನ್ನು ಗಟ್ಟಿಯಾಗಿ ಹಿಡಿದ. ಇನ್ನೊಂದು ಅಂಚು ಸಿದ್ದಕ್ಕನ ಕೈಯಲ್ಲಿತ್ತು. ಮೊಮ್ಮಗಳನ್ನು ಅದರ ಮೇಲೆ ಮಲಗಿಸುವ ಅವಸರ ಆಕೆಗೆ.

ಕಬ್ಬಿನ ಟ್ರ್ಯಾಕ್ಟರ್ ಹರಿದುಹಾಕಿದ್ದ ಇಂಟರ್‌ನೆಟ್ ಕೇಬಲ್ ಜೋಡಿಸಲು ಅವನು ಬಂದಿದ್ದ. ಮನೆಗೆ ಬಂದವರು ಬರಿ ನೆಲದ ಮೇಲೆ ಕೂಡಬಾರದೆಂದು, ಬೇಡವೆಂದರೂ ಆಕೆ ಕಂಬಳಿ ಹಾಸಿದ್ದಳು. ಅವನು ಆರಿಸಿದ್ದ ಫ್ಯಾನನ್ನು, ಬೆವರುತ್ತಾನೆಂದು ಮತ್ತೆ ಹಚ್ಚಿದ್ದಳು. ಆ ಗಾಳಿಗೆ, ಅವನು ಕತ್ತರಿಸಿ ಡಬ್ಬಿಗೆ ಹಾಕುತ್ತಿದ್ದ, ಕೇಬಲ್ಲಿನೊಳಗಿನ ಫೈಬರ್ ಎಳೆಯ ಚೂರುಗಳು ಹಾರಿ ಕರಿ ಉಣ್ಣೆಯಲ್ಲಿ ಮಾಯವಾಗಿದ್ದವು.

"ಕೂದಲಿನಂಥಾ ಗಾಜು ಅದು. ಕೂಸಿನ ಮೈಯಾಗ ಹೊಕ್ಕರ ಕಣ್ಣಿಗಿ ಕಾಣಂಗಿಲ್ಲ. ಎಷ್ಟ ಸಲ ಹೇಳ್ಬೇಕ್ರಿ ನಿಮಗ?" ಸಿಟ್ಟಿನಲ್ಲೇ ಅವನು ಟೇಪ್ ಹರಿದು, ಉಣ್ಣೆಗೆ ಒತ್ತಿ ಒತ್ತಿ ಎತ್ತತೊಡಗಿದ. ಟೇಪಿನ ತುಂಬ ಉಣ್ಣೆಯೇ ಬರುತ್ತಿತ್ತು.

ಸಿದ್ದಕ್ಕ ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು ನೋಡುತ್ತ ನಿಂತಳು. "ನಿಮ್ಮ ಮನ್ಯಾಗ ಕೂಸು ಐತೇನ ತಮ್ಮಾ?"

"ಐತ್ರಿ. ನಾ ಒಳಗ ಕಾಲಿಡೂದ ತಡ, ಓಡಿ ಬಂದು ತೊಡಿ ಏರತಾಳ."

"ಇದ ಪ್ಯಾಂಟಿನ ಮ್ಯಾಲ ಕುಂದರಸ್ಕೋತಿ?"

ಅಜಯನ ಕೈ ಕಂಬಳಿಯ ಮೇಲೆಯೇ ನಿಂತಿತು. ಅವನು ಹೊಸ ಟೇಪ್ ಹರಿದು, ತನ್ನ ತೊಡೆಗೆ ಮೆಲ್ಲಗೆ ಒತ್ತಿ ಎತ್ತಿ, ಬೆಳಕಿಗೆ ಹಿಡಿದ. ಟೇಪು ಮಿನುಗಿತು.