ಕೃಷ್ಣನ ಗರಿಯ ಎರಡೆಳೆ

ಸ್ಕೋಫೀಲ್ಡ್ಸ್ ಬಡಾವಣೆಯ ನಮ್ಮ ದೇವರಮನೆಯಲ್ಲಿ ಕೃಷ್ಣನ ನವಿಲುಗರಿ ಒರೆಸುತ್ತಿದ್ದಾಗ ಮೆಲ್ಬರ್ನಿನಿಂದ ಅಣ್ಣನ ಫೋನ್ ಬಂತು. "ಅಪ್ಪ ನಿನ್ನೆ ಒಬ್ರೇ ಟ್ರೌಟ್ ಮೀನು ಹಿಡಿಯೋಕೆ ಹೊಳೆಗೆ ಹೋದ್ರು ಕಣೇ. ಇನ್ನೂ ಬಂದಿಲ್ಲ, ಫೋನೂ ಸಿಗ್ತಿಲ್ಲ."

ಗರಿ ಕೈಯಲ್ಲೇ ಉಳಿಯಿತು. ಹಿಂದೊಮ್ಮೆ ಅಪ್ಪನ ಜೊತೆ ಹೊಳೆಗೆ ಹೋಗಿದ್ದು ನೆನಪಾಯಿತು.

ನನಗಾಗ ಒಂಬತ್ತು ವರ್ಷ. ಬೆಟ್ಟದ ಹಿಮ ಕರಗಿ ಹೊಳೆ ತುಂಬುವ, ಇಲ್ಲಿನ ವಸಂತದ ಸೆಪ್ಟೆಂಬರ್. ಅಪ್ಪ ಮೀನು ತಿನ್ನುವವರಲ್ಲ. ಹಿಡಿದು, ನೋಡಿ, ನೀರಿಗೇ ಬಿಡುತ್ತಿದ್ದರು. "ಬಿಡೋದಾದ್ರೆ ಹಿಡಿಯೋದ್ಯಾಕ್ರೀ?" ಎಂದು ಅಮ್ಮ ಚಿತ್ರಾನ್ನ ಕಟ್ಟಿಕೊಡುತ್ತಲೇ ಛೇಡಿಸುತ್ತಿದ್ದಳು. ಮೀನು ನಂಬುವಂತೆ ಗಾಳಕ್ಕೆ ಹುಳುವಿನ ವೇಷ ಕಟ್ಟಲು ನವಿಲುಗರಿಯ ಎಳೆ ಬೇಕು ಎಂದಿದ್ದರು ಅಪ್ಪ. ಅಮ್ಮನಿಗೆ ತಿಳಿಯದಂತೆ ಇದೇ ಗರಿಯಿಂದ ಎರಡೆಳೆ ಕಿತ್ತು ಕೊಟ್ಟಿದ್ದೆ.

ಆ ಮಧ್ಯಾಹ್ನ ಅಪ್ಪ ಪಾಚಿಗಲ್ಲಿನ ಮೇಲೆ ಜಾರಿ ನೀರಿಗೆ ಬಿದ್ದರು. ಟೋಪಿಯೊಂದೇ ತೇಲಿತು. "ಎಳೆ ವಾಪಸ್ ಕೊಡ್ತೀನಿ ಕೃಷ್ಣ, ಅಪ್ಪನ್ನ ಕೊಡು" ಎಂದು ದಡದಲ್ಲಿ ಕೈಮುಗಿದೆ. ಅಪ್ಪ ಕೆಮ್ಮುತ್ತ ಎದ್ದು ಬಂದರು. ನಡುಗುವ ಹಲ್ಲುಗಳ ನಡುವೆಯೇ ನಕ್ಕು, "ಗಾಳ ಹೊಳೆಪಾಲಾಯ್ತು ಪುಟ್ಟಿ" ಅಂದರು.

ಅಣ್ಣನ ಫೋನ್ ಮತ್ತೆ ಬಂತು. "ಬಂದ್ರು ಕಣೇ. ಕಾಲು ಒದ್ದೆ, ಅಷ್ಟೇ. ಒಂದೂ ಸಿಗ್ಲಿಲ್ವಂತೆ. ನಿನ್ಹತ್ರ ನವಿಲುಗರಿ ಇದ್ಯಾ ಅಂತ ಕೇಳ್ತಿದಾರೆ."

"ಒಂದೆಳೆಯೂ ಕೊಡಲ್ಲ ಅಂತ ಹೇಳು" ಅಂದೆ. ಗರಿಯನ್ನು ಕೃಷ್ಣನ ತಲೆಗೆ ಬಿಗಿಯಾಗಿ ಸಿಕ್ಕಿಸಿ, ದೀಪಕ್ಕೆ ಬತ್ತಿ ಹೊಸೆಯಲು ಕೂತೆ.