ಇಲಿನಾಯ್ ನಿವಾಸಿಗಳಿಗೆ ಉಚಿತ

ಅಕ್ವೇರಿಯಮ್ಮಿನ ಟಿಕೆಟ್ ಕೌಂಟರಿನಲ್ಲಿದ್ದ ವಯಸ್ಸಾದ ಹೆಂಗಸು ಡ್ರೈವಿಂಗ್ ಲೈಸೆನ್ಸನ್ನು ಕೈಗೆ ತೆಗೆದುಕೊಂಡಾಗಲೇ ಪ್ರಸನ್ನನಿಗೆ ವೀಸಾದ ಜೊತೆಗೇ ಅದರ ಅವಧಿಯೂ ಮುಗಿದಿದೆಯೆಂದು ನೆನಪಾದದ್ದು. ಇಲಿನಾಯ್ ನಿವಾಸಿಗಳಿಗೆ ಇಂದು ಪ್ರವೇಶ ಉಚಿತ, ಆದರೆ ವಿಳಾಸದ ಪುರಾವೆ ಬೇಕು. ವೀಸಾ ವಿಸ್ತರಣೆಯ ಅರ್ಜಿ ತಿರಸ್ಕೃತವಾಗಿ, ಬರುವ ಗುರುವಾರ ಅವರು ಮೈಸೂರಿಗೆ ಹೊರಡಬೇಕಿತ್ತು. ಎಂಟು ವರ್ಷದ ಮಗಳು ಗಗನಾಳಿಗೆ ಅದನ್ನಿನ್ನೂ ಯಾರೂ ಹೇಳಿರಲಿಲ್ಲ.

“ಪುಕ್ಕಟೆ ಅಂದ್ರೆ ಇಡೀ ಶಿಕಾಗೋನೇ ಕ್ಯೂ ನಿಂತಿದೆ ನೋಡಿ,” ಎಂದ ಹೆಂಡತಿ ಲತಾಶ್ರೀ, ದನಿ ತಗ್ಗಿಸಿ, “ಇವತ್ತಾದ್ರೂ ಅವಳಿಗೆ ಹೇಳ್ರೀ,” ಎಂದಳು. ಪ್ರಸನ್ನ ತಲೆಯಾಡಿಸಿದ. ಒಂದು ವಾರದಿಂದ ಎಲ್ಲದಕ್ಕೂ ಹಾಗೇ ತಲೆಯಾಡಿಸುತ್ತಿದ್ದ. ಒಳಗೆ ಬಿಡದಿದ್ದರೆ ಮನೆಗೆ ಹೋಗುವುದು, ಅಷ್ಟೇ ಎಂದುಕೊಂಡ. ಬೇಸರವೂ ಆಗಲಿಲ್ಲ.

ಕೌಂಟರಿನ ಹೆಂಗಸು ದಿನಾಂಕವನ್ನು ನೋಡಿದಳು, ಗಗನಾಳನ್ನು ನೋಡಿದಳು. ಆಮೇಲೆ ಆ ದಿನಾಂಕದ ಮೇಲೆ ಹೆಬ್ಬೆರಳಿಟ್ಟು ವಿಳಾಸವನ್ನಷ್ಟೇ ಗಟ್ಟಿಯಾಗಿ ಓದಿದಳು. “ಬೋಲಿಂಗ್‌ಬ್ರೂಕ್. ಹಾಗಾದರೆ ಇಲ್ಲಿಯವರೇ,” ಎಂದು ಇಂಗ್ಲಿಷಿನಲ್ಲಿ ಹೇಳಿ ಮೂರು ಟಿಕೆಟು ಕೊಟ್ಟಳು.

ಪ್ರಸನ್ನ ಟಿಕೆಟು ತೆಗೆದುಕೊಂಡ. ನಾಲ್ಕು ಹೆಜ್ಜೆ ಒಳಗೆ ನಡೆದವನು, ಜನರ ನಡುವೆಯೇ ಮಗಳೆದುರು ಮಂಡಿಯೂರಿದ. “ಪುಟ್ಟಿ, ಗುರುವಾರ ನಾವು ಮೈಸೂರಿಗೆ ಹೋಗ್ತಿದೀವಿ. ವಾಪಸ್ ಬರಲ್ಲ.”

“ಐ ನೋ, ಅಪ್ಪ,” ಎಂದಳು ಗಗನಾ. “ಯು ಗೇವ್ ಅವೇ ಮೈ ಬೈಕ್.” ಅವನು ಏಳಲಿಲ್ಲ. ಅವಳೇ ಎರಡೂ ಕೈ ಹಿಡಿದು ಎಳೆದು ಅವನನ್ನು ಎಬ್ಬಿಸಿದಳು.