ಡ್ರಿಲ್ಲು

"ಮಕ್ಕಳು ಅಂದ್ಮೇಲೆ ಬೀಳ್ತಾರೆ, ಏಳ್ತಾರೆ. ಅದಕ್ಕೆಲ್ಲ ಗೋಡೆ ಕಟ್ಟೋಕಾಗುತ್ತಾ ಸ್ವಾಮಿ?" ಎಂದು ಕಂಟ್ರಾಕ್ಟರ್ ಗೋಪಾಲಪ್ಪ ನಕ್ಕ.

ಆನಂದಪುರದ ಶಾಲೆಯ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡಿದ್ದ ಅಮಲ್ದಾರರು ಎದುರಿಗಿದ್ದ ಧರ್ಮಾವತಿಯತ್ತ ತಿರುಗಿದರು. ಶಾಲೆಯ ದಾರಿಗೆ ತಾಗಿಕೊಂಡೇ ಗೋಪಾಲಪ್ಪನ ಕೆಂಪುಕಲ್ಲಿನ ಕ್ವಾರಿ ಬಾಯಿ ತೆರೆದಿತ್ತು. ಹೋದ ಮಳೆಗಾಲದಲ್ಲಿ ಅವಳ ಮಗಳು ಜ್ವಾಲಾಮಾಲಿನಿ ಅದರೊಳಗೆ ಬಿದ್ದು ತೋಳು ಮುರಿದುಕೊಂಡಿದ್ದಳು. ಆಮೇಲೆ ಧರ್ಮಾವತಿ ಮನೆಮನೆ ಸುತ್ತಿ, ಅಲ್ಲಿ ಬಿದ್ದವರನ್ನೆಲ್ಲ ಹುಡುಕಿ, ಕ್ವಾರಿಗೆ ಗೋಡೆ ಬೇಕೆಂದು ಕೇಳಲು ಇವತ್ತು ಕರೆತಂದು ಸಾಲಾಗಿ ನಿಲ್ಲಿಸಿದ್ದಳು.

"ಇಷ್ಟೂ ಜನ ಬಿದ್ದವರೇ ಇರಬಹುದಮ್ಮ," ಎಂದರು ಅಮಲ್ದಾರರು. "ಮಂಡಿ ತರಚಿದ್ದನ್ನೂ ಹಿಡಿದರೆ ನನ್ನ ಮಗನೂ ದಿನಾ ಬೀಳ್ತಾನೆ. ಗಟ್ಟಿ ಪೆಟ್ಟು ಯಾರಿಗೆ ಬಿತ್ತು, ಅದನ್ನ ಹೇಳಿ."

ನೋಡಲು ನೆರೆದಿದ್ದ ಜನ ಗೊಳ್ಳೆಂದರು. ಧರ್ಮಾವತಿಯ ಕಿವಿ ಬಿಸಿಯಾಯಿತು. ಆದರೂ ಪ್ರಶ್ನೆ ನ್ಯಾಯದ್ದೇ ಅನ್ನಿಸಿತು. ತಾನು ಬಾಯಲ್ಲಿ ಹೇಳಿದರೆ ಗೋಪಾಲಪ್ಪ ಅಲ್ಲವೆನ್ನುತ್ತಾನೆ. ಅವಳು ಜಗಲಿಯಲ್ಲಿದ್ದ ಮೇಷ್ಟರತ್ತ ನೋಡಿದಳು.

"ಮೇಷ್ಟ್ರೇ, ಇವರಿಗೊಂದು ಸಲ ಡ್ರಿಲ್ ಮಾಡಿಸ್ತೀರಾ?"

ಮೇಷ್ಟರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಅವರು ಅಂಗಳಕ್ಕಿಳಿದು ಕೂಗಿದರು: "ಕೈ ಮೇಲೆ!"

ತರಚಿದ್ದಷ್ಟೇ ಆದವರ ಕೈಗಳು ಸರಕ್ಕನೆ ಆಕಾಶಕ್ಕೆ ಹೋದವು. ಕೆಲವು ಭುಜದ ಮಟ್ಟದಲ್ಲೇ ನಿಂತವು. ಒಂದು ಮೊಣಕೈ ಸೊಟ್ಟಗೆ ಹೊರಗೆ ಚಾಚಿಕೊಂಡಿತು. ಜ್ವಾಲಾಮಾಲಿನಿ ಹಲ್ಲು ಕಚ್ಚಿ ಎತ್ತಿದಳು. ಎಡಗೈ ಕಿವಿಯವರೆಗೂ ಬರಲಿಲ್ಲ.

"ಕೂತ್ಕೊಳ್ಳಿ!"

ಸಾಲು ಕುಕ್ಕರಿಸಿತು. ನಡುನಡುವೆ ಕೆಲವರು ನಿಂತೇ ಇದ್ದರು. ಎಲ್ಲರಿಗಿಂತ ಎತ್ತರಕ್ಕೆ, ಮೀಸೆ ಚಿಗುರುತ್ತಿದ್ದ ಹೂವಯ್ಯ ಕೋಲೂರಿ ನಿಂತಿದ್ದ. "ನಂಗೆ ಮಂಡಿ ಮಡಚೋದಿಲ್ಲ ಸ್ವಾಮಿ," ಎಂದ. "ಮೂರನೇ ಕ್ಲಾಸಲ್ಲಿ ಬಿದ್ದಿದ್ದು."

ಈಗ ಯಾರೂ ನಗಲಿಲ್ಲ.

ಅಮಲ್ದಾರರು ಎದ್ದು ಸಾಲಿನುದ್ದಕ್ಕೂ ನಡೆದರು. ಜ್ವಾಲಾಮಾಲಿನಿಯ ಕೈಯನ್ನು ಮೆಲ್ಲಗೆ ಎತ್ತಲು ಹೋದವರು, ಅವಳ ಕಣ್ಣು ನೋಡಿ ಬಿಟ್ಟುಬಿಟ್ಟರು.

"ಗೋಪಾಲಪ್ಪ, ಗಾಡಿಗೆ ತುಂಬಿದ ಕಲ್ಲು ಇಳಿಸು. ಗೋಡೆ ಏಳೋತನಕ ಒಂದು ಕಲ್ಲೂ ಊರು ದಾಟಬಾರದು."

ಹೂವಯ್ಯ ಟವೆಲ್ಲನ್ನು ಗಾಳಿಗೆಸೆದು ಹೋ ಎಂದ. ಸಾಲಿಗೆ ಸಾಲೇ ಹೋ ಎಂದಿತು. ಧರ್ಮಾವತಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು, ನಕ್ಕಳು.

ಯುಗಾದಿಯೊಳಗೆ ಕ್ವಾರಿಯ ಸುತ್ತ ಗೋಡೆ ಎದೆಮಟ್ಟಕ್ಕೆ ಎದ್ದಿತ್ತು. ಹಬ್ಬದ ಮರುದಿನ ಬೆಳಿಗ್ಗೆ ಶಾಲೆಯ ದಾರಿಯಲ್ಲಿ ಧರ್ಮಾವತಿ ಮಗಳ ಕೈ ಬಿಟ್ಟಳು.

"ಓಡು," ಎಂದಳು.